‘ಆ ದುಡ್ಡಿಗೆ ಪೋರ್ಷೆನೇ ಬರ್ತಿರ್ಲಿಲ್ವಾ?’

ಬರುತ್ತಿರಲಿಲ್ಲ. ನನ್ನದು ಅಮೆರಿಕದ ಫೋರ್ಡ್ ಕಂಪನಿಯ ಮಸ್ಟ್ಯಾಂಗ್ ಜಿಟಿ. ಅದು 2016ರಲ್ಲಿ ಇಂಡಿಯಾಕ್ಕೆ ಬಂದಾಗ ದೆಹಲಿಯ ಎಕ್ಸ್ ಶೋರೂಮ್ ಬೆಲೆ 65 ಲಕ್ಷ. ಮುಂದಿನ ವರ್ಷ ಬಂದ ಜರ್ಮನಿಯ ಸ್ಪೋರ್ಟ್ಸ್ ಕಾರು ಪೋರ್ಷೆ 718 ಕೇಮನ್‌ಗೆ 81 ಲಕ್ಷದ ಮೇಲೆ. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ಅಲ್ಲೂ ಪೋರ್ಷೆಯೇ ದುಬಾರಿ. ಸಾಕಾ?

ಸಾಕಾಗಲ್ಲ ಅಂತ ಗೊತ್ತು. ಕುವೆಂಪುನಗರದ ಪೆಟ್ರೋಲ್ ಬಂಕಿನಿಂದ ಮಂಡ್ಯದ ನೆಂಟರ ಮನೆವರೆಗೂ ಇದೇ ಪ್ರಶ್ನೆ. ಇದನ್ನು ಯಾಕೆ ತಗೊಂಡಿರಿ ಅಂತ ಕೇಳಿದರೆ ಖುಷಿಯಾಗಿ ಹೇಳುತ್ತೇನೆ. ಹಾಗೆ ಯಾರೂ ಕೇಳುವುದಿಲ್ಲ. ಸೊಪ್ಪು ತರಲು ಕಳಿಸಿದ ಹುಡುಗ ಬಾಡಿದ ಕಟ್ಟು ತಂದಾಗ ಕೇಳುವ ಹಾಗೆ ಕೇಳುತ್ತಾರೆ. ನನಗೆ ಯಾರೂ ಮೋಸ ಮಾಡಿಲ್ಲ. ನೋಡಿಯೇ ತಗೊಂಡಿದ್ದೇನೆ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಮಸ್ಟ್ಯಾಂಗಿನಂಥ ಅಮೆರಿಕದ ಮಸಲ್ ಕಾರಿನ ಹೆಚ್ಚುಗಾರಿಕೆಯೇ ಕಮ್ಮಿ ದುಡ್ಡಿಗೆ ದೊಡ್ಡ ಎಂಜಿನ್. ಅಮೆರಿಕದಲ್ಲಿ ಆಗ ಇದರ ಆರಂಭದ ಬೆಲೆ 33 ಸಾವಿರ ಡಾಲರ್ ಒಳಗೆ, ಕೇಮನ್‌ಗೆ 54 ಸಾವಿರದ ಹತ್ತಿರ. ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಇಲ್ಲಿಗೆ ಬರುವಾಗ ಆಮದು ಸುಂಕವೇ ಕಾರಿನ ಬೆಲೆಯಷ್ಟಿತ್ತು. ಅದರ ಮೇಲೆ ಕರ್ನಾಟಕದ ರಸ್ತೆ ತೆರಿಗೆ. ಅಗ್ಗ ಅನ್ನುವುದು ಹಡಗಿನಿಂದ ಇಳಿಯುವಾಗಲೇ ಹೋಯಿತು. ಎಂಜಿನ್ ಮಾತ್ರ ಪೂರ್ತಿ ಬಂತು.

ಕೇಮನ್ ಕೆಟ್ಟ ಕಾರಲ್ಲ. ಎಂಜಿನ್ ನಡುವೆ ಇದೆ, ತೂಕ ಕಮ್ಮಿ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಅದರ ಹಿಂದೆ ಹೋಗಿ ನಾನು ಗೆಲ್ಲುವುದಿಲ್ಲ. ಆದರೆ 2016ರಲ್ಲಿ ಅದರ ಆರು ಸಿಲಿಂಡರ್ ತೆಗೆದು ನಾಲ್ಕು ಸಿಲಿಂಡರಿನ ಟರ್ಬೊ ಹಾಕಿದರು, ಎರಡು ಲೀಟರಿನದು. ನನ್ನದು ಐದು ಲೀಟರ್, ಎಂಟು ಸಿಲಿಂಡರ್. ಹಿಂದೆ ಎರಡು ಸೀಟೂ ಇವೆ. ಚಿಕ್ಕವೇ, ಆದರೆ ಮಗಳು ಕೂರುತ್ತಾಳೆ. ಕೇಮನ್‌ನಲ್ಲಿ ಅವಳನ್ನು ಎಲ್ಲಿ ಕೂರಿಸಲಿ? ‘ಮಸ್ಟ್ಯಾಂಗ್ ನೇರ ಓಡಕ್ಕೆ ಮಾತ್ರ’ ಅನ್ನುವ ಮಾತೂ ಹಳೆಯದಾಯಿತು. ಮೊದಲು ಹಿಂದಿನ ಎರಡೂ ಚಕ್ರಕ್ಕೆ ಲಾರಿ ಥರ ಒಂದೇ ಆಕ್ಸಲ್ ಇರುತ್ತಿತ್ತು, ನಿಜ. 2015ರ ಮಾಡೆಲ್‌ನಿಂದ ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಷನ್.

ಹೋದ ವರ್ಷ ಮಂಡ್ಯದ ಹತ್ತಿರ ಒಂದು ಗೃಹಪ್ರವೇಶ. ಊಟ ಮುಗಿಸಿ ಕಾರಿನ ಹತ್ತಿರ ಬಂದರೆ ದೊಡ್ಡಪ್ಪನ ಮಗ ಫೋನ್ ಹಿಡಿದು ನಿಂತಿದ್ದ. ಪೋರ್ಷೆ ನೂರು ಕಿ.ಮೀ. ವೇಗ ಮುಟ್ಟೋಕೆ ಇಷ್ಟು ಸೆಕೆಂಡ್, ಇದು ಇಷ್ಟು. ‘ಅಲ್ಲ ಕಣೋ, ಇನ್ನೊಂಚೂರು ಹಾಕಿದ್ರೆ ಪೋರ್ಷೆನೇ ಬರ್ತಿತ್ತಲ್ಲೋ?’ ಹತ್ತು ಜನ ಕೇಳಿಸಿಕೊಳ್ಳುವ ಹಾಗೆ. ಹೊಸ ಕಾರಿನ ಲೆಕ್ಕದಲ್ಲಿ ಆ ‘ಒಂಚೂರು’ ಹದಿನಾರು ಲಕ್ಷ! ನನಗೆ ರೇಗಿತು. ಮಾತಾಡದೆ ಕಾರು ಸ್ಟಾರ್ಟ್ ಮಾಡಿದೆ.

ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಹಿರಿಯರೊಬ್ಬರು ಇದ್ದರು. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತರು. ಒಂದೊಂದು ಸೈಲೆನ್ಸರಿಗೆ ಒಂದೊಂದು ಅಂಗೈ, ಒಂದು ಗೇಣು ದೂರ ಹಿಡಿದರು. ಉಗುರಿನ ಸಂದಿಯಲ್ಲಿ ಗ್ರೀಸ್ ಕಪ್ಪಾಗಿತ್ತು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದು, ‘ಎಂಟೂ ಸರಿಯಾಗಿ ಹೊಡೀತಾವೆ. ಆದ್ರೂ ಈ ಕೈಗೆ ಒಂದೇ ಸಮ ಬರ್ತಿಲ್ವಲ್ಲ ಸಾ, ಯಾಕೆ?’ ಅಂದರು.

ಇಷ್ಟು ದಿನ ನಾನು ಕಾದಿದ್ದು ಈ ಪ್ರಶ್ನೆಗೆ.

ಕಾರಿನಿಂದ ಇಳಿದು ಅವರ ಪಕ್ಕದಲ್ಲೇ ಕೂತೆ. ಪಿಸ್ಟನ್‌ಗಳು ತಿರುಗಿಸುವ ಇದರ ಕ್ರ್ಯಾಂಕ್ ಶಾಫ್ಟನ್ನು ತುದಿಯಿಂದ ನೋಡಿದರೆ ಕೂಡಿಸುವ ಗುರುತಿನ ಹಾಗೆ ಕಾಣುತ್ತೆ ಅಂತ ಮಣ್ಣಲ್ಲಿ ಗೀಚಿ ತೋರಿಸಿದೆ. ಎಂಟೂ ಸಿಲಿಂಡರ್ ಸೇರಿಸಿ ಎಣಿಸಿದರೆ ಏಟು ಸಮವಾಗೇ ಬೀಳುತ್ತೆ. ಆದರೆ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಒಂದು ಕಡೆಯದನ್ನಷ್ಟೇ ಕೇಳಿದರೆ ಎರಡು ಏಟು ಬೆನ್ನು ಬೆನ್ನಿಗೆ ಬರುತ್ತವೆ, ಆಮೇಲೆ ಕೊಂಚ ಬಿಡುವು. ಆ ಗುಡುಗುಡು ಅಲ್ಲಿಂದಲೇ ಹುಟ್ಟೋದು. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಮತ್ತೆ ಅಂಗೈ ಒಡ್ಡಿದರು.

‘ಆಫ್ ಮಾಡಿ, ಇನ್ನೊಂದ್ ಕಿತ ಸ್ಟಾರ್ಟ್ ಮಾಡಿ ಸಾ.’

ಮಾಡಿದೆ.