ಕನ್ನಡ ಸ್ಪೆಲ್‌ಚೆಕ್ ಪ್ರಾಜೆಕ್ಟ್ ಲಾಗ್: ಮೀಟಿಂಗ್‌ಗಳ ರಿಪೇರಿ

ಈ ಬಾರಿಯ ಲಾಗ್‌ನಲ್ಲಿ ಕೋಡ್ ಕಡಿಮೆ, ಕ್ಯಾಲೆಂಡರ್ ಜಾಸ್ತಿ. ಹನ್‌ಸ್ಪೆಲ್ ಎಂಬ ಕಾಗುಣಿತ ಪರೀಕ್ಷಿಸುವ ತಂತ್ರಾಂಶಕ್ಕೆ ಪದಪಟ್ಟಿ, ಪ್ರತ್ಯಯದ ನಿಯಮ ಸಿದ್ಧಮಾಡುವ ಕೆಲಸ ಎಂದಿನಂತೆ ನಡೆದಿದೆ. ಬದಲಾಗಿದ್ದು ತಂಡ ಕೂತು ಮಾತಾಡುವ ಕ್ರಮ. ಬಿಡುವಿನಲ್ಲಿ ಪ್ರಾಜೆಕ್ಟ್ ಮಾಡುವ ಬೇರೆ ತಂಡಗಳಿಗೂ ಉಪಯೋಗವಾಗಲಿ ಎಂದು ಲೆಕ್ಕ ಸಮೇತ ಬರೆದಿಟ್ಟಿದ್ದೇವೆ.

ತಂಡದಲ್ಲಿ ಏಳು ಜನ. ಬೆಂಗಳೂರಿನಲ್ಲಿ ನಾಲ್ವರು, ನ್ಯೂಜೆರ್ಸಿಯಲ್ಲಿ ಒಬ್ಬರು, ಬರ್ಲಿನ್‌ನಲ್ಲಿ ಒಬ್ಬರು, ಶಿವಮೊಗ್ಗದಲ್ಲಿ ವ್ಯಾಕರಣ ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು. ಎಲ್ಲರಿಗೂ ಬೇರೆ ಕೆಲಸ, ಸಂಸಾರ ಇವೆ. ಪ್ರಾಜೆಕ್ಟಿಗೆ ತಲಾ ವಾರಕ್ಕೆ 6 ಗಂಟೆ. ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಎರಡು ವಾರದ್ದು.

ಮೊದಲು ಲೆಕ್ಕ

ಏಳು ಜನ, ತಲಾ 12 ಗಂಟೆ: ಒಂದು ಸ್ಪ್ರಿಂಟ್‌ಗೆ ಒಟ್ಟು 84 ಗಂಟೆ. ಹಳೆಯ ವ್ಯವಸ್ಥೆಯಲ್ಲಿ ಪ್ಲ್ಯಾನಿಂಗ್ 60 ನಿಮಿಷ, ನಾಲ್ಕು ಸ್ಟ್ಯಾಂಡಪ್ (ಕೆಲಸ ಎಲ್ಲಿಗೆ ಬಂತು ಎಂದು ಹೇಳುವ ಚಿಕ್ಕ ಮೀಟಿಂಗ್) ತಲಾ 15, ಬ್ಯಾಕ್‌ಲಾಗ್ (ಬಾಕಿ ಕೆಲಸಗಳ ಪಟ್ಟಿ) ಸೋಸುವುದಕ್ಕೆ 30, ಮುಗಿದ ಕೆಲಸ ತೋರಿಸುವ ರಿವ್ಯೂಗೆ 30, ಕೆಲಸದ ಕ್ರಮವನ್ನೇ ಹಿಂದಿರುಗಿ ನೋಡುವ ರೆಟ್ರೊಗೆ 45. ಒಬ್ಬರಿಗೆ 225 ನಿಮಿಷ, ಏಳು ಜನಕ್ಕೆ 26 ಗಂಟೆ 15 ನಿಮಿಷ. ಅಂದರೆ ಇರುವ ಸಮಯದಲ್ಲಿ ನೂರಕ್ಕೆ 31 ಭಾಗ ಮಾತಿಗೇ ಖರ್ಚು. ಬಿಡಿಬಿಡಿಯಾಗಿ ನೋಡಿದರೆ ಯಾವ ಮೀಟಿಂಗೂ ಉದ್ದ ಅನ್ನಿಸುವುದಿಲ್ಲ, ತಲೆಗಳಿಂದ ಗುಣಿಸಿದಾಗ ಮಾತ್ರ ಗೊತ್ತಾಗುತ್ತದೆ.

ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ಪದ್ಧತಿಯ ಕೈಪಿಡಿಯಾದ ಸ್ಕ್ರಮ್ ಗೈಡ್ ಒಂದು ತಿಂಗಳ ಸ್ಪ್ರಿಂಟ್‌ಗೆ ಪ್ಲ್ಯಾನಿಂಗ್ ಗರಿಷ್ಠ 8 ಗಂಟೆ, ರಿವ್ಯೂ 4, ರೆಟ್ರೊ 3, ದಿನದ ಸ್ಕ್ರಮ್ (ಸ್ಟ್ಯಾಂಡಪ್) 15 ನಿಮಿಷ ಎಂದು ಹೇಳುತ್ತದೆ. ಇವು ಮಿತಿಗಳು, ಗುರಿಗಳಲ್ಲ. ಇಡೀ ದಿನ ಅದೇ ಕೆಲಸ ಮಾಡುವವರ ಲೆಕ್ಕವನ್ನು ವಾರಕ್ಕೆ ಆರು ಗಂಟೆ ಕೊಡುವವರ ಮೇಲೆ ಹೊರಿಸಿದರೆ ಉಳಿಯುವುದು ಮೀಟಿಂಗ್ ಮಾತ್ರ.

ಗಡಿಯಾರದ ಸಮಸ್ಯೆ

ವಾರದ ನಡುವಿನ ಸ್ಟ್ಯಾಂಡಪ್‌ಗೆ ಮೂರು ಊರಿಗೂ ಒಪ್ಪುವ ಹೊತ್ತೇ ಇಲ್ಲ. ಇಲ್ಲಿ ಬೆಳಗ್ಗೆ 7 ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಹಿಂದಿನ ರಾತ್ರಿ 9:30, ಪರವಾಗಿಲ್ಲ. ಆದರೆ ಬರ್ಲಿನ್‌ನಲ್ಲಿ ನಸುಕಿನ 3:30. ಇಲ್ಲಿ ಸಂಜೆ 7:30 ಇಟ್ಟರೆ ನ್ಯೂಜೆರ್ಸಿಯವರು ಆಫೀಸಿನಲ್ಲಿರುತ್ತಾರೆ. ಹಾಗಾಗಿ ವಾರದ ದಿನಗಳ ಕಾಲ್ ತೆಗೆದುಹಾಕಿ ಬರಹದ ಅಪ್‌ಡೇಟ್ ಇಟ್ಟದ್ದಾಯಿತು: ಮಂಗಳವಾರ ಮತ್ತು ಗುರುವಾರ, ಅವರವರ ಊರಿನ ರಾತ್ರಿ 10ರೊಳಗೆ, ಐದು ನಿಮಿಷದ ಕೆಲಸ. ಮುಖಾಮುಖಿ ಕಾಲ್ ಶನಿವಾರ, ಭಾನುವಾರ ಮಾತ್ರ, ಸಂಜೆ 7:30ಕ್ಕೆ. ಆಗ ನ್ಯೂಜೆರ್ಸಿಯಲ್ಲಿ ಬೇಸಿಗೆಯಲ್ಲಿ ಬೆಳಗ್ಗೆ 10, ಚಳಿಗಾಲದಲ್ಲಿ 9. ಬರ್ಲಿನ್‌ನಲ್ಲಿ ಮಧ್ಯಾಹ್ನ 4, ಚಳಿಗಾಲದಲ್ಲಿ 3.

ಇಲ್ಲೊಂದು ಗುಂಡಿ ಇದೆ, ಎಚ್ಚರ. ಕ್ಯಾಲೆಂಡರ್ ಇನ್ವೈಟ್ ಯಾವ ಟೈಮ್‌ಝೋನ್‌ನಲ್ಲಿ ಮಾಡಿದ್ದೀರಿ ಎಂಬುದರ ಮೇಲೆ ಯಾರ ಗಡಿಯಾರ ಸರಿಯುತ್ತದೆ ಎಂಬುದು ನಿಂತಿದೆ. ನ್ಯೂಯಾರ್ಕ್ ಸಮಯದಲ್ಲಿ ಮಾಡಿದ ಇನ್ವೈಟ್ ಚಳಿಗಾಲ ಬಂದೊಡನೆ ನಮ್ಮಲ್ಲಿ 8:30ಕ್ಕೆ ಜಾರುತ್ತದೆ. ಏಳರಲ್ಲಿ ಐದು ಜನ ಇಲ್ಲೇ ಇರುವುದರಿಂದ ಕೋಲ್ಕತಾ ಝೋನ್‌ನಲ್ಲೇ (ಭಾರತದ ಸಮಯಕ್ಕೆ ಕ್ಯಾಲೆಂಡರಿನಲ್ಲಿರುವ ಹೆಸರು) ಮಾಡುವುದು ವಾಸಿ. ಇನ್ನೊಂದು: ಅಮೆರಿಕದಲ್ಲಿ ಗಡಿಯಾರ ಮುಂದೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ವಾರಗಳಲ್ಲಿ ಬರ್ಲಿನ್ ಮತ್ತು ನ್ಯೂಜೆರ್ಸಿ ನಡುವೆ 6 ಗಂಟೆಯ ಬದಲು 5 ಗಂಟೆ ಅಂತರ. ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೂ ಇದೇ ಕಥೆ. ಆ ವಾರಗಳಲ್ಲಿ ಗ್ರೂಪಿನಲ್ಲಿ ಮೂರೂ ಊರಿನ ಸಮಯ ಬರೆದೇ ನೆನಪಿಸಬೇಕು.

ಸ್ಟ್ಯಾಂಡಪ್: ಜನರನ್ನಲ್ಲ, ಕಾರ್ಡನ್ನು ಕೇಳಿ

ಈ ರಿಪೇರಿಯಲ್ಲಿ ಹೆಚ್ಚು ಫಲ ಕೊಟ್ಟದ್ದು ಇದು. ಕಾರ್ಡ್ ಅಂದರೆ ತಂಡದ ಬೋರ್ಡ್‌ನಲ್ಲಿ ಹಾಕಿದ ಒಂದೊಂದು ಕೆಲಸದ ಚೀಟಿ. ಮೊದಲಿದ್ದದ್ದು ಎಲ್ಲರಿಗೂ ಗೊತ್ತಿರುವ ಮೂರು ಪ್ರಶ್ನೆ: ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು. 2020ರ ಸ್ಕ್ರಮ್ ಗೈಡ್‌ನಲ್ಲಿ ಈ ಪ್ರಶ್ನೆಗಳೇ ಇಲ್ಲ, ಆದರೂ ಎಷ್ಟೋ ತಂಡಗಳಲ್ಲಿ ಮಂತ್ರದ ಹಾಗೆ ನಡೆಯುತ್ತಿದೆ. ಸಿಗುವ ಉತ್ತರವೂ ಒಂದೇ: "ಹೋದ್ಸಲ ಹೇಳಿದ್ದೇ ಮಾಡ್ತಾ ಇದೀನಿ, ಬ್ಲಾಕರ್ ಏನಿಲ್ಲ." ಅದೇ ಹೊತ್ತಿಗೆ ಹೇಳಿದವರ ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆಯ ಪ್ರಸ್ತಾವ) ವಾರದಿಂದ ರಿವ್ಯೂ, ಅಂದರೆ ಇನ್ನೊಬ್ಬರ ಪರಿಶೀಲನೆ, ಕಾಯುತ್ತಾ ಬಿದ್ದಿರುತ್ತದೆ. ಅದು ಬ್ಲಾಕರ್ ಅನ್ನಿಸದಿರಲು ಕಾರಣ, ಅವರು ಆಗಲೇ ಇನ್ನೊಂದು ಕೆಲಸ ಹಿಡಿದಿರುತ್ತಾರೆ. ಮನುಷ್ಯ ಖಾಲಿ ಕೂತಿಲ್ಲ, ಕಾರ್ಡ್ ಮಾತ್ರ ನಿಂತಿದೆ. ಜನರನ್ನು ಕೇಳಿದರೆ ಇದು ಹೊರಗೆ ಬರುವುದೇ ಇಲ್ಲ.

ಈಗಿನ ಕ್ರಮ: ಬೋರ್ಡ್‌ನಲ್ಲಿ ಐದು ಕಾಲಮ್: ಮಾಡಬೇಕಿದೆ, ನಡೆಯುತ್ತಿದೆ, ರಿವ್ಯೂ, ಪರೀಕ್ಷೆ, ಮುಗಿದಿದೆ. ಬಲಗಡೆಯಿಂದ ಎಡಕ್ಕೆ ಬರಬೇಕು. ಮುಗಿಯಲು ಹತ್ತಿರವಿರುವ ಕಾರ್ಡ್ ಮೊದಲು. ಪ್ರತಿ ಕಾರ್ಡಿಗೆ ಪ್ರಶ್ನೆ ಒಂದೇ: ಇದು ಮುಂದಿನ ಕಾಲಮ್‌ಗೆ ಹೋಗಲು ಯಾರು, ಯಾವ ದಿನ, ಏನು ಮಾಡಬೇಕು? ಒಂದೇ ಕಾಲಮ್‌ನಲ್ಲಿ 4 ದಿನ ದಾಟಿದ ಕಾರ್ಡಿಗೆ ಕೆಂಪು ಗುರುತು. "ಮಾಡಬೇಕಿದೆ" ಕಾಲಮ್ ತಲುಪುವಷ್ಟರಲ್ಲಿ ಸಮಯ ಮುಗಿದರೆ ಮುಗಿಯಲಿ, ಅಲ್ಲಿರುವುದು ಇನ್ನೂ ಶುರುವಾಗದ ಕೆಲಸ. ರಿವ್ಯೂ ಕಾಲಮ್‌ಗೆ 3 ಕಾರ್ಡಿನ ಮಿತಿ. ಅದು ತುಂಬಿದ್ದರೆ ಯಾರೂ ಹೊಸದನ್ನು ಎತ್ತಿಕೊಳ್ಳುವಂತಿಲ್ಲ, ಮೊದಲು ಒಂದು ರಿವ್ಯೂ.

ಹೀಗೆ ನೋಡಿದ ಮೇಲೆ ಗಂಟು ಎಲ್ಲಿದೆ ಎಂದು ಕಂಡಿತು. ನಿಂತಿದ್ದ ಕಾರ್ಡುಗಳೆಲ್ಲ ಪ್ರತ್ಯಯದ ನಿಯಮದವು. ಕನ್ನಡದಲ್ಲಿ "ಮನೆ"ಗೆ ಯಕಾರ ಸೇರಿ "ಮನೆಯನ್ನು" ಆಗುತ್ತದೆ, "ಗುರು"ವಿಗೆ ವಕಾರ ಸೇರಿ "ಗುರುವನ್ನು". ಉಕಾರದಲ್ಲಿ ಕೊನೆಯಾಗುವ ಪದಕ್ಕೆಲ್ಲ ವಕಾರ ಎಂದು ಒಂದೇ ಸಾಲಿನ ನಿಯಮ ಬರೆದರೆ "ಊರುವನ್ನು" ಕೂಡ ಸರಿ ಎಂದು ಸ್ಪೆಲ್‌ಚೆಕ್ ಒಪ್ಪಿಬಿಡುತ್ತದೆ. ಸರಿಯಾದದ್ದು "ಊರನ್ನು". ಇಂಥ ನಿಯಮವನ್ನು ಪರಿಶೀಲಿಸಬಲ್ಲವರು ತಂಡದಲ್ಲಿ ಮೇಷ್ಟ್ರೊಬ್ಬರೇ. ಅವರ ಮುಂದೆ ಇಡುತ್ತಿದ್ದುದು ಅಫಿಕ್ಸ್ ಫೈಲಿನ (ಪ್ರತ್ಯಯದ ನಿಯಮಗಳಿರುವ ಫೈಲಿನ) ಬದಲಾವಣೆ ತೋರಿಸುವ ಡಿಫ್, ಅಂದರೆ ಫ್ಲ್ಯಾಗ್ ಅಕ್ಷರಗಳೂ ಚೌಕ ಆವರಣಗಳೂ ತುಂಬಿದ ಸಾಲುಗಳು. ಅದನ್ನು ಓದುವುದು ಅವರ ಕೆಲಸವಲ್ಲ. ಈಗ ನಿಯಮದ ಪ್ರತಿ ಕಾರ್ಡಿನ ಜೊತೆ ಎರಡು ಪಟ್ಟಿ ಕಡ್ಡಾಯ: ಈ ನಿಯಮ ಒಪ್ಪುವ 20 ರೂಪ, ತಳ್ಳಿಹಾಕುವ 20 ರೂಪ. ಮೇಷ್ಟ್ರು ಪಟ್ಟಿ ನೋಡುತ್ತಾರೆ, ಕೋಡನ್ನು ಇನ್ನೊಬ್ಬ ಡೆವಲಪರ್ ನೋಡುತ್ತಾರೆ. ರಿವ್ಯೂ ಕಾಲಮ್ ಈಗ ಕಟ್ಟಿಕೊಳ್ಳುತ್ತಿಲ್ಲ.

ಬರಹದ ಅಪ್‌ಡೇಟ್‌ಗೂ ಇದೇ ಆಕಾರ: ಕಾರ್ಡ್ ಸಂಖ್ಯೆ, ಎಲ್ಲಿದೆ, ಯಾರಿಂದ ಏನು ಬೇಕು. ಮೂರೇ ಸಾಲು. "ಕೆಲಸ ನಡೀತಾ ಇದೆ" ಎಂದು ಬರೆದರೆ ಅದು ಅಪ್‌ಡೇಟ್ ಅಲ್ಲ.

ಪ್ಲ್ಯಾನಿಂಗ್

60 ನಿಮಿಷವನ್ನು 40ಕ್ಕೆ ಇಳಿಸಲು ಸಾಧ್ಯವಾದದ್ದು, ಸೋಸುವ ಕೆಲಸವನ್ನು ಮೂವರಿಗೆ ಬಿಟ್ಟದ್ದರಿಂದ. ಬ್ಯಾಕ್‌ಲಾಗ್ ನೋಡಿಕೊಳ್ಳುವವರು, ಒಬ್ಬ ಡೆವಲಪರ್, ಮೇಷ್ಟ್ರು: ಈ ಮೂವರು ಹಿಂದಿನ ವಾರ 30 ನಿಮಿಷ ಕೂತು ಮೇಲಿನ ಎಂಟ್ಹತ್ತು ಕಾರ್ಡುಗಳನ್ನು ಓದುವ ಸ್ಥಿತಿಗೆ ತರುತ್ತಾರೆ. ಉದಾಹರಣೆ ಪಠ್ಯ ಇಲ್ಲದ, "ಮುಗಿಯಿತು" ಅಂದರೇನು ಎಂದು ಬರೆಯದ ಕಾರ್ಡ್ ಪ್ಲ್ಯಾನಿಂಗ್‌ಗೆ ಬರುವುದಿಲ್ಲ.

ಕಾರ್ಡ್ ಎಷ್ಟು ದೊಡ್ಡ ಕೆಲಸ ಎಂದು ಅಂದಾಜು ಹಾಕಲು ಪ್ಲ್ಯಾನಿಂಗ್ ಪೋಕರ್: ಎಲ್ಲರೂ ಒಂದೇ ಸಲ ತಮ್ಮ ಸಂಖ್ಯೆ ತೋರಿಸುವ ಕ್ರಮ. ನಮ್ಮ ಕಡೆಯ ತಂಡಗಳಿಗೆ ಇದು ಮುಖ್ಯವಾಗುವ ಕಾರಣ ಬೇರೆಯೇ ಇದೆ. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರ ಸಂಖ್ಯೆ ಗಂಟಲಲ್ಲೇ ಉಳಿಯುತ್ತದೆ. "ಮೇಷ್ಟ್ರೇ 3 ಅಂದ್ಮೇಲೆ ನಾವೇನು 8 ಅನ್ನೋದು?" ಎಂಬ ಸಂಕೋಚ. ಅದಕ್ಕೇ ಎಲ್ಲರೂ ಚಾಟ್‌ನಲ್ಲಿ ಸಂಖ್ಯೆ ಟೈಪ್ ಮಾಡಿಟ್ಟುಕೊಂಡು, "ಮೂರು, ಎರಡು, ಒಂದು" ಎಂದ ಕೂಡಲೇ ಎಂಟರ್ ಒತ್ತಬೇಕು. ಅತಿ ಕಡಿಮೆ ಹೇಳಿದವರು, ಅತಿ ಹೆಚ್ಚು ಹೇಳಿದವರು ಮಾತ್ರ ತಲಾ ಒಂದು ನಿಮಿಷ ಕಾರಣ ಕೊಡುತ್ತಾರೆ. ಮತ್ತೊಂದು ಸುತ್ತು. ಆಗಲೂ ಒಮ್ಮತ ಬರದಿದ್ದರೆ ಕಾರ್ಡ್ ಒಡೆಯಬೇಕೆಂದೇ ಅರ್ಥ, ಮೂರನೇ ಸುತ್ತು ದಂಡ.

ಒಂದು ಕಾರ್ಡ್ ಹತ್ತಿರದಿಂದ ನೋಡಿ. ಶೀರ್ಷಿಕೆ: "ರ‍್ಯಾಂಕ್ ಪದವನ್ನು ತಪ್ಪೆಂದು ತೋರಿಸುತ್ತಿದೆ." ಅಂದಾಜು ಬಂದದ್ದು 1ರಿಂದ 8ರವರೆಗೆ. 1 ಎಂದವರ ಮನಸ್ಸಿನಲ್ಲಿದ್ದದ್ದು ನಿಘಂಟಿಗೆ ಒಂದು ಪದ ಸೇರಿಸುವುದು. 8 ಎಂದವರು ಹೇಳಿದ್ದು ಇದು: ಇಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣವಾಗಿ ಕಾಣಬೇಕಾದರೆ ರ ಮತ್ತು ಹಲಂತದ ನಡುವೆ ಝೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಇರಬೇಕು. ಕೆಲವರ ಬರಹದಲ್ಲಿ ಅದು ಇರುತ್ತದೆ, ಕೆಲವರದ್ದರಲ್ಲಿ ಇರುವುದಿಲ್ಲ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ರ‍್ಯಾಲಿ, ರ‍್ಯಾಗಿಂಗ್ ಎಲ್ಲಕ್ಕೂ ಇದೇ ಗತಿ. ಸಂಖ್ಯೆಗಳ ಈ ಅಂತರ ಬಯಲಾದದ್ದು ಎರಡು ನಿಮಿಷದಲ್ಲಿ. ಕಾರ್ಡ್ ಎರಡಾಯಿತು: ಮೊದಲನೆಯದು ಪದ ಸೇರಿಸುವುದು, 1. ಎರಡನೆಯದು ಜಾಯ್ನರ್ ಸಂಭಾಳಿಸುವುದು, 5.

ಅಜೆಂಡಾ ಪ್ರಶ್ನೆಯಾಗಿರಲಿ

"ಜಾಯ್ನರ್ ಬಗ್ಗೆ ಚರ್ಚೆ" ಎಂದು ಅಜೆಂಡಾದಲ್ಲಿ ಬರೆದರೆ ಚರ್ಚೆಯೇ ಆಗುತ್ತದೆ, ತೀರ್ಮಾನ ಆಗುವುದಿಲ್ಲ. "ಜಾಯ್ನರ್ ಇರುವ, ಇಲ್ಲದ ಎರಡೂ ಬರಹಗಳನ್ನು ಒಪ್ಪುವುದೋ, ಒಂದನ್ನು ತಿದ್ದಲು ಸೂಚಿಸುವುದೋ?" ಎಂದು ಬರೆದರೆ ಯಾವಾಗ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ತೀರ್ಮಾನವನ್ನು ಸ್ಕ್ರೀನ್ ಹಂಚಿಕೊಂಡು ಅಲ್ಲೇ ಬರೆಯಬೇಕು: ದಿನಾಂಕ, ಏನು, ಯಾಕೆ, ಯಾರು, ಯಾವಾಗ. ಮೀಟಿಂಗ್ ಮುಗಿದ ಮೇಲೆ ಮಿನಿಟ್ಸ್ ಕಳಿಸುವ ಪದ್ಧತಿಯಲ್ಲಿ ಬರೆದವರು ಕೇಳಿಸಿಕೊಂಡದ್ದು ಮಾತ್ರ ಉಳಿಯುತ್ತದೆ. "ಯಾಕೆ" ಎಂಬ ಸಾಲು ಬಿಟ್ಟರೆ ಆರು ವಾರದಲ್ಲಿ ಅದೇ ವಾದ ಮತ್ತೆ ಎದ್ದು ಕೂರುತ್ತದೆ.

ವಿಷಯ ಅಡ್ಡದಾರಿ ಹಿಡಿದರೆ "ಆಮೇಲೆ" ಎಂಬ ಪಟ್ಟಿಗೆ. ಮೀಟಿಂಗ್ ಮುಗಿದೊಡನೆ ಸಂಬಂಧಪಟ್ಟ ಇಬ್ಬರು ಮೂವರು ಉಳಿಯುತ್ತಾರೆ, ಮಿಕ್ಕವರು ಹೊರಡಬಹುದು.

ರಿವ್ಯೂ

20 ನಿಮಿಷ, ಸ್ಲೈಡ್ ಇಲ್ಲ. ತೋರಿಸುವುದು ಹಿಂದಿನ ರಾತ್ರಿಯ ಮುಖ್ಯ ಬ್ರ್ಯಾಂಚ್‌ನ (ಎಲ್ಲರ ಕೋಡ್ ಸೇರುವ ಪ್ರತಿಯ) ಬಿಲ್ಡ್, ಯಾರದೋ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುವ ಪ್ರತಿಯಲ್ಲ. ಹೊರಗಿನಿಂದ ಒಬ್ಬರಾದರೂ ಬರಬೇಕು, ಡಿಟಿಪಿ ಮಾಡುವವರೋ ಕರಡು ತಿದ್ದುವವರೋ. ಅವರದೇ ಎರಡು ಪುಟ ಅಂಟಿಸಿ ಕೆಂಪು ಗೆರೆ ಎಲ್ಲೆಲ್ಲಿ ಬೀಳುತ್ತದೆ ನೋಡುವುದು. ಕನ್ನಡಕ್ಕೇ ಸಂಬಂಧಿಸಿದ ಒಂದು ತೊಂದರೆ: ಸ್ಕ್ರೀನ್ ಹಂಚಿದಾಗ ವಿಡಿಯೊ ಕುಗ್ಗಿ ಒತ್ತಕ್ಷರಗಳು ಮಸುಕಾಗುತ್ತವೆ. ಫೋನಿನಲ್ಲಿ ನೋಡುವವರಿಗೆ "ತ್ತ" ಯಾವುದು "ತ್ರ" ಯಾವುದು ಗೊತ್ತಾಗುವುದಿಲ್ಲ, ಆದರೂ ಸುಮ್ಮನೆ "ಹೂಂ" ಅನ್ನುತ್ತಾರೆ. ಪಠ್ಯದ ಝೂಮ್ ಶೇಕಡಾ 175ಕ್ಕೆ ಏರಿಸಿ, ಅದೇ ಪಠ್ಯವನ್ನು ಚಾಟ್‌ನಲ್ಲೂ ಹಾಕಿ.

ರೆಟ್ರೊ

ಎರಡು ಸ್ಪ್ರಿಂಟ್‌ಗೊಮ್ಮೆ 40 ನಿಮಿಷ. ಇದು ಸ್ಕ್ರಮ್ ಅಲ್ಲ ಅನ್ನುವವರಿದ್ದಾರೆ. ಸರಿ, ಅಲ್ಲ. ಹಂಚಿಕೆ ಹೀಗೆ: ಬೋರ್ಡ್‌ನ ಕೆಂಪು ಗುರುತುಗಳನ್ನು ನೋಡಲು 5, ಮಾತಿಲ್ಲದೆ ಬರೆಯಲು 8, ಒಂದೇ ಬಗೆಯವನ್ನು ಗುಂಪು ಮಾಡಲು 5, ತಲಾ ಮೂರು ಚುಕ್ಕೆಯ ಮತಕ್ಕೆ 2, ಮೊದಲು ಬಂದ ಒಂದೇ ವಿಷಯಕ್ಕೆ 15, ಕ್ರಮ ಬರೆಯಲು 5. ಮಾತಿಲ್ಲದ ಆ ಎಂಟು ನಿಮಿಷವನ್ನು ಕತ್ತರಿಸಬೇಡಿ. ಕತ್ತರಿಸಿದರೆ ಮಾತು ಬಲ್ಲವರ ದೂರುಗಳೇ ತಂಡದ ದೂರುಗಳಾಗುತ್ತವೆ.

ಹೊರಬರುವ ಕ್ರಮ ಒಂದೇ ಇರಬೇಕು, ಮತ್ತು ಅದು ಮುಂದಿನ ಸ್ಪ್ರಿಂಟ್‌ನಲ್ಲಿ ಹೆಸರು ಹೊತ್ತ ಕಾರ್ಡಾಗಬೇಕು. "ರಿವ್ಯೂ ಬೇಗ ಮಾಡೋಣ" ಎಂಬುದು ಕ್ರಮವಲ್ಲ, ಹಾರೈಕೆ. "ನಿಯಮದ ಕಾರ್ಡಿಗೆ 20+20 ಪಟ್ಟಿ ಇಲ್ಲದಿದ್ದರೆ ರಿವ್ಯೂಗೆ ಸರಿಸುವಂತಿಲ್ಲ" ಎಂಬುದು ಕ್ರಮ. ಮಾಡಿದ್ದಾರೋ ಇಲ್ಲವೋ ಎಂದು ಬೋರ್ಡ್ ನೋಡಿದರೆ ಸಾಕು.

ಈಗಿನ ಸ್ಥಿತಿ

ಒಬ್ಬರಿಗೆ ಸ್ಪ್ರಿಂಟ್‌ಗೆ ಪ್ಲ್ಯಾನಿಂಗ್ 40, ನಡುವಿನ ಶನಿವಾರದ ಬೋರ್ಡ್ ನೋಟ 20, ರಿವ್ಯೂ 20, ರೆಟ್ರೊ ಸರಾಸರಿ 20, ನಾಲ್ಕು ಬರಹದ ಅಪ್‌ಡೇಟ್ 20: ಒಟ್ಟು 120 ನಿಮಿಷ. ಏಳು ಜನಕ್ಕೆ 14 ಗಂಟೆ, ಸೋಸುವ ಮೂವರದ್ದು ಇನ್ನೊಂದೂವರೆ ಗಂಟೆ. 84ರಲ್ಲಿ 15.5, ಅಂದರೆ ನೂರಕ್ಕೆ 18ರ ಆಸುಪಾಸು. ಇನ್ನೂ ಇಳಿಸುವ ಯೋಚನೆ ಇಲ್ಲ. ಬೋರ್ಡ್ ನೋಟವನ್ನು 15ಕ್ಕೆ ಇಳಿಸಿದರೆ ಬಲದಿಂದ ಮೂರು ಕಾಲಮ್ ದಾಟುವುದು ಕಷ್ಟ.

ಬಾಕಿ ಇರುವುದು ಎರಡು. ಸೋಸುವ ಕೆಲಸ ಮೂವರಲ್ಲೇ ಉಳಿದರೆ ಮಿಕ್ಕವರಿಗೆ ಕಾರ್ಡಿನ ಹಿನ್ನೆಲೆ ತಿಳಿಯುವುದಿಲ್ಲ, ಆದ್ದರಿಂದ ಡೆವಲಪರ್ ಸ್ಥಾನ ಪ್ರತಿ ಸ್ಪ್ರಿಂಟ್‌ಗೆ ಬದಲಾಗಲಿದೆ. ಮೀಟಿಂಗ್ ನಡೆಸುವ ಸರದಿ ಮುಂದಿನ ಸಲ ಬರ್ಲಿನ್‌ನವರದ್ದು. ಅವರಿಗೆ ಬೋರ್ಡ್‌ನ ಎಡಿಟ್ ಅನುಮತಿ, ಕಾಲ್‌ನ ಹೋಸ್ಟ್ ಹಕ್ಕು ಎರಡನ್ನೂ ಶುಕ್ರವಾರದೊಳಗೆ ಕೊಡಬೇಕು, ಇಲ್ಲದಿದ್ದರೆ ಮೊದಲ ಐದು ನಿಮಿಷ ಅದಕ್ಕೇ ಹೋಗುತ್ತದೆ. ಕಾರ್ಡ್ ಹಾಕಿದ್ದಾಗಿದೆ.