ಮೇಜಿಗಿಂತ ಮೊದಲು ದೀಪ: ಆಟದ ಜಾಗದ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಮನೆಯಲ್ಲಿ ನಾಲ್ಕೈದು ಜನ ವಾರಕ್ಕೊಮ್ಮೆ ಸೇರಿ ಬೋರ್ಡ್ ಗೇಮ್ ಆಡುವುದು ಅನೇಕ ವರ್ಷಗಳಿಂದ ನಡೆದುಬಂದಿದೆ. ಹೊಸದಾಗಿ ಆಡಲು ಬಂದವರು ಹೊರಡುವ ಹೊತ್ತಿಗೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಾರೆ: "ನಮ್ಮ ಮನೆಯಲ್ಲೂ ಇಂಥದೊಂದು ಜಾಗ ಮಾಡಿಕೊಳ್ಳಬೇಕು, ಆದರೆ ಕೈಯಲ್ಲಿ ಹೆಚ್ಚು ಹಣವಿಲ್ಲ. ಯಾವ ಮೇಜು ಕೊಳ್ಳಲಿ?" ಮೇಜನ್ನು ಕಡೆಗೆ ನೋಡೋಣ, ಮೊದಲು ದೀಪ ಸರಿಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ನಡುಭಾಗ ತಗ್ಗಾಗಿದ್ದು ಮೇಲೆ ಹಲಗೆ ಮುಚ್ಚುವಂತಿರುವ ವಿಶೇಷ ಮೇಜುಗಳ ಚಿತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದವರಿಗೆ ಈ ಮಾತು ಅಷ್ಟಾಗಿ ರುಚಿಸುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ನಾನು ಕಂಡಂತೆ, ಆಟದ ಸಂಜೆ ಕೆಡುವುದು ಆಡುವವರ ಕಣ್ಣೋ ಕೈಯೋ ಬೆನ್ನೋ ದಣಿದಾಗ. ಹಣ ಕಡಿಮೆಯಿದ್ದಾಗ ಇದೇ ಕ್ರಮದಲ್ಲಿ ಖರ್ಚು ಮಾಡುವುದು ಸರಿ ಎಂದು ನಾನು ನಂಬಿದ್ದೇನೆ.

ಹೆಚ್ಚಿನ ಕೋಣೆಗಳಲ್ಲಿ ದೀಪವಿರುವುದು ಗೋಡೆಯ ಮೇಲೆ ಅಥವಾ ಚಾವಣಿಯ ನಟ್ಟನಡುವೆ. ಮೇಜಿರುವುದು ಬೇರೆ ಮೂಲೆಯಲ್ಲಿ. ಹೀಗಾಗಿ ದೀಪಕ್ಕೆ ಬೆನ್ನು ಹಾಕಿ ಕುಳಿತವರ ನೆರಳು ಅವರ ಕಾರ್ಡುಗಳ ಮೇಲೆಯೇ ಬೀಳುತ್ತದೆ, ಎದುರು ಕುಳಿತವರ ಕಣ್ಣಿಗೆ ದೀಪ ನೇರವಾಗಿ ಹೊಡೆಯುತ್ತದೆ. ನಾವು ಹಳದಿ ಬಲ್ಬಿನ ಕೆಳಗೆ ಆಡುತ್ತಿದ್ದ ದಿನಗಳಲ್ಲಿ ಒಂದು ರಾತ್ರಿ, ಮೂರು ಗಂಟೆಯ ಆಟ ಮುಗಿದು ಅಂಕ ಎಣಿಸುವಾಗ, ಗೆಳತಿಯೊಬ್ಬರು ತಮ್ಮ ಕಿತ್ತಳೆ ತುಂಡುಗಳ ಸಾಲಿನಲ್ಲಿ ಎದುರಾಳಿಯ ಎರಡು ಕೆಂಪು ತುಂಡುಗಳನ್ನೂ ತಮ್ಮವೆಂದೇ ತಿಳಿದು, ಅದನ್ನೇ ನಂಬಿ ಕೊನೆಯ ನಾಲ್ಕು ಸರದಿಗಳನ್ನು ಆಡಿದ್ದರು ಎಂಬುದು ಬಯಲಾಯಿತು. ಅವೇ ತುಂಡುಗಳನ್ನು ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಹಿಡಿದು ನೋಡಿದರೆ ಎರಡು ಬಣ್ಣಗಳೂ ಬೇರೆ ಬೇರೆಯಾಗಿ ಸ್ಪಷ್ಟವಾಗಿ ಕಂಡವು. ಅವರ ಗಮನದಲ್ಲಿ ಯಾವ ಕೊರತೆಯೂ ಇರಲಿಲ್ಲ, ಕೊರತೆಯಿದ್ದುದು ಬೆಳಕಿನಲ್ಲಿ.

ಬಲ್ಬಿನ ಪೆಟ್ಟಿಗೆಯ ಮೇಲೆ ಮೂರು ಸಂಖ್ಯೆಗಳನ್ನು ಹುಡುಕಬೇಕು. ಮೊದಲನೆಯದು ಸಿಆರ್‌ಐ, ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ. ಇದರ ಗರಿಷ್ಠ 100. ಸಾಧಾರಣ ಎಲ್‌ಇಡಿ ಬಲ್ಬುಗಳು 80ರ ಆಸುಪಾಸಿನಲ್ಲಿರುತ್ತವೆ, ಮತ್ತು ಅವು ಹೆಚ್ಚಾಗಿ ಸೋಲುವುದು ಕೆಂಪು ಬಣ್ಣದಲ್ಲಿಯೇ. 90 ಅಥವಾ ಅದಕ್ಕಿಂತ ಹೆಚ್ಚಿರುವ ಬಲ್ಬಿಗೆ ತುಸು ಹೆಚ್ಚು ಕೊಡಬೇಕಾದರೂ ಕೊಡಿ ಎನ್ನುತ್ತೇನೆ, ಈ ಇಡೀ ಯೋಜನೆಯಲ್ಲಿ ನಾನು ಚೌಕಾಸಿ ಮಾಡಬೇಡಿ ಎನ್ನುವ ವಸ್ತು ಇದೊಂದೇ. ಎರಡನೆಯದು ಕೆಲ್ವಿನ್ ಸಂಖ್ಯೆ: 2700 ಹಳದಿಗೆ ವಾಲುತ್ತದೆ, 6500 ನೀಲಿಗೆ ವಾಲುತ್ತದೆ, ಆಟಕ್ಕೆ 4000 ಹಿತವಾಗಿರುತ್ತದೆ. ಮೂರನೆಯದು ಲ್ಯುಮೆನ್, ಅಂದರೆ ಬೆಳಕಿನ ಪ್ರಮಾಣ. ಹಳೆಯ ಕಾಲದ 60 ವ್ಯಾಟ್ ಬಲ್ಬು ಸುಮಾರು 800 ಲ್ಯುಮೆನ್ ಕೊಡುತ್ತಿತ್ತು. ನಾಲ್ಕು ಜನರ ಮೇಜಿಗೆ ಅಂಥ ಎರಡು ಇದ್ದರೆ ಸಣ್ಣಕ್ಷರಗಳನ್ನು ಓದಲು ಯಾರೂ ಕಾರ್ಡನ್ನು ಮೂಗಿನ ಬಳಿ ಹಿಡಿಯಬೇಕಾಗುವುದಿಲ್ಲ.

ದೀಪ ಎಲ್ಲಿರಬೇಕು ಎಂಬುದು ಯಾವ ದೀಪ ಎಂಬುದರಷ್ಟೇ ಮುಖ್ಯ. ಮೇಜಿನ ನಡುವಿನ ನೇರಕ್ಕೆ, ಹಲಗೆಯಿಂದ 75ರಿಂದ 90 ಸೆಂಟಿಮೀಟರ್ ಮೇಲೆ ಅಗಲವಾದ ಮುಚ್ಚಿಗೆಯಿರುವ ತೂಗುದೀಪವೊಂದು ಇದ್ದರೆ ಚೆನ್ನ. ಚಾವಣಿ ಕೊರೆಯಲು ಸಾಧ್ಯವಿಲ್ಲದವರು, ಬಾಡಿಗೆ ಮನೆಯಲ್ಲಿರುವವರು, ತಲೆ ತಿರುಗಿಸಬಹುದಾದ ನಿಲುವುದೀಪವೊಂದನ್ನು ಮೇಜಿನ ಬದಿಗೆ ನಿಲ್ಲಿಸಿ ಬಿಳಿ ಚಾವಣಿಯ ಕಡೆಗೆ ತಿರುಗಿಸಿ ನೋಡಲಿ. ಬೆಳಕು ಚಾವಣಿಯಿಂದ ಚದುರಿ ಇಳಿಯುವುದರಿಂದ ಗಾಢವಾದ ನೆರಳು ಬೀಳುವುದಿಲ್ಲ. ಪ್ಲಾಸ್ಟಿಕ್ ಸ್ಲೀವ್ ಹಾಕಿದ ಕಾರ್ಡುಗಳ ಮೇಲೆ ಮಿಂಚಿ ಅಕ್ಷರ ಅಳಿಸಿಹಾಕುವ ಆ ಬಿಳಿ ಹೊಳಪೂ ಮಾಯವಾಗುತ್ತದೆ. ಹೀಗೆ ಚದುರುವಾಗ ಬೆಳಕು ಕೊಂಚ ನಷ್ಟವಾಗುವುದರಿಂದ ಬಲ್ಬು ಮಾತ್ರ ಹೆಚ್ಚು ಲ್ಯುಮೆನ್‌ದಾಗಿರಬೇಕು.

ಕಣ್ಣಿನ ನಂತರ ಕೈ. ನುಣುಪಾದ ಬರಿ ಮೇಜಿನ ಮೇಲೆ ಬಿದ್ದಿರುವ ಒಂದೇ ಒಂದು ಕಾರ್ಡನ್ನು ಎತ್ತಲು ಪ್ರಯತ್ನಿಸಿ ನೋಡಿ. ಉಗುರು ಅಂಚಿನ ಕೆಳಗೆ ಹೋಗುವುದಿಲ್ಲ, ಕಾರ್ಡು ಮುಂದಕ್ಕೆ ಜಾರುತ್ತದೆ, ಎರಡನೆಯ ಸಲ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಮೂಲೆ ಸಣ್ಣಗೆ ಮಡಿಯುತ್ತದೆ, ಕಡೆಗೆ ಕಾರ್ಡನ್ನು ಮೇಜಿನ ಅಂಚಿನವರೆಗೆ ಎಳೆದು ತಂದು ಕೆಳಗಿನಿಂದ ಹಿಡಿಯಬೇಕಾಗುತ್ತದೆ. ಅದೇ ಕಾರ್ಡು ಎರಡು ಮೂರು ಮಿಲಿಮೀಟರ್ ದಪ್ಪದ ಮೆತ್ತನೆಯ ಹಾಸಿನ ಮೇಲಿದ್ದರೆ, ಬೆರಳು ಅಂಚನ್ನು ಒತ್ತಿದ ಕಡೆ ಹಾಸು ತುಸು ತಗ್ಗಿ, ಇನ್ನೊಂದು ಅಂಚು ತಾನಾಗಿ ಮೇಲೇಳುತ್ತದೆ. ಇಷ್ಟು ಸಣ್ಣ ಅನುಕೂಲಕ್ಕಾಗಿ ಸಿದ್ಧ ಮ್ಯಾಟ್ ಕೊಳ್ಳಲೇಬೇಕೆಂದಿಲ್ಲ. ಅಳತೆಗೆ ಕತ್ತರಿಸಿದ ಫೆಲ್ಟ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಚುಗಳಿಗೆ ಕ್ಲಿಪ್ಪು ಹಾಕಿದರೆ ಸಾಕು. ಮಡಿಸಿದ ಕಂಬಳಿ ಹಾಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಅಷ್ಟು ದಪ್ಪವಾದರೆ ನಿಲ್ಲಿಸಿದ ಕಾಯಿಗಳು ವಾಲುತ್ತವೆ. ಬಣ್ಣ ಗಾಢವಾಗಿ, ಒಂದೇ ಆಗಿರಲಿ. ಚಿತ್ರ ತುಂಬಿದ ಹಾಸುಗಳು ನೋಡಲು ಸೊಗಸಾದರೂ ಅವುಗಳ ಮೇಲೆ ಸಣ್ಣ ಟೋಕನ್ ಬಿದ್ದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ.

ದಾಳಗಳಿಗೆ ಒಂದು ತಟ್ಟೆ ಬೇಕು. ಹಳೆಯ ಫೋಟೊ ಚೌಕಟ್ಟಿನ ಗಾಜು ತೆಗೆದು, ಹಿಂಬದಿಯ ಹಲಗೆಗೆ ಉಳಿದ ಫೆಲ್ಟ್ ಅಂಟಿಸಿದರೆ ಅದೇ ತಟ್ಟೆ. ದಾಳ ಉರುಳಿ ಬೋರ್ಡಿನ ಮೇಲಿನ ಕಾಯಿಗಳನ್ನು ಕೆಡವುವುದು ಅಲ್ಲಿಗೆ ನಿಂತಿತು, ರಾತ್ರಿ ಹೊತ್ತು ಮನೆಯವರ ನಿದ್ದೆ ಕೆಡಿಸುವ ಸದ್ದೂ ನಿಂತಿತು.

ಇನ್ನು ಮೇಜು. ಮನೆಯಲ್ಲಿ ಈಗಾಗಲೇ ಇರುವ ಊಟದ ಮೇಜು ಹೆಚ್ಚಾಗಿ 75 ಸೆಂಟಿಮೀಟರ್ ಎತ್ತರವಿರುತ್ತದೆ, ಅದು ಆಟಕ್ಕೂ ಸರಿಯಾದ ಎತ್ತರವೇ. ಕುರ್ಚಿಯ ಆಸನ 45 ಸೆಂಟಿಮೀಟರಿನಲ್ಲಿದ್ದು, ಎರಡರ ನಡುವೆ 30ರಷ್ಟು ಅಂತರವಿದ್ದರೆ ಮೊಣಕೈ ಸಹಜವಾಗಿ ಹಲಗೆಯ ಮೇಲೆ ಕೂರುತ್ತದೆ. ಆಸನ ತಗ್ಗಾದರೆ ಗಟ್ಟಿಯಾದ ದಿಂಬು ಹಾಕಿಕೊಳ್ಳಬಹುದು. ಸೋಫಾ ಮುಂದಿನ ತಗ್ಗು ಮೇಜಿನಲ್ಲಿ ಮೂರು ಗಂಟೆ ಬಾಗಿ ಆಡಿದವರ ಬೆನ್ನು ಏನಾಗುತ್ತದೆಂದು ನಾನು ಅನುಭವಿಸಿ ಬಲ್ಲೆ; ಅದಕ್ಕಿಂತ ನೆಲದ ಮೇಲೆ ಕುಳಿತು ಆಡುವುದೇ ಮೇಲು.

ಮೇಜು ಚಿಕ್ಕದೆನಿಸಿದರೆ ಅದರ ಮೇಲೆ ಇಡಲು ಒಂದು ಪ್ಲೈವುಡ್ ಹಲಗೆ ಮಾಡಿಸಿ. ಪೂರ್ತಿ ಹಾಳೆ ಸಾಮಾನ್ಯವಾಗಿ ಎಂಟು ಅಡಿಗೆ ನಾಲ್ಕು ಅಡಿ, ಅಂದರೆ 244ಕ್ಕೆ 122 ಸೆಂಟಿಮೀಟರ್ ಇರುತ್ತದೆ. ಆ ಅಗಲವನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ಬೇಡ. ಕುಳಿತಲ್ಲಿಂದ ಕೈ ಚಾಚಿದರೆ ಆರಾಮವಾಗಿ ಎಟಕುವುದು ಐವತ್ತು ಅರವತ್ತು ಸೆಂಟಿಮೀಟರ್ ಮಾತ್ರ. ಅಗಲ ನೂರು ದಾಟಿದರೆ ಪ್ರತಿ ಸರದಿಗೂ ಯಾರಾದರೊಬ್ಬರು ಎದ್ದು ನಿಲ್ಲಬೇಕಾಗುತ್ತದೆ. ಅಂಗಡಿಯಲ್ಲಿಯೇ 90 ಅಥವಾ 100ಕ್ಕೆ ಕತ್ತರಿಸಿಕೊಳ್ಳಿ, ಉಳಿದ ಪಟ್ಟಿಯಿಂದ ಆಟದ ಪೆಟ್ಟಿಗೆಗಳಿಗೆ ಕಪಾಟಿನ ಹಲಗೆ ಆಗುತ್ತದೆ. ಉದ್ದಕ್ಕೆ ತಲೆಗೆ 60 ಸೆಂಟಿಮೀಟರ್ ಲೆಕ್ಕ ಹಿಡಿಯಿರಿ. ಹಲಗೆಯ ಕೆಳಗೆ ಜಾರದಂತೆ ತಡೆಯುವ ರಬ್ಬರ್ ಜಾಲರಿ ಹಾಕಬೇಕು, ಮತ್ತು ಹಲಗೆ ಮೇಜಿನಿಂದ ಯಾವ ಕಡೆಗೂ ಒಂದು ಗೇಣಿಗಿಂತ ಹೆಚ್ಚು ಹೊರಗೆ ಚಾಚಿರಬಾರದು. ಇಲ್ಲವಾದರೆ ಯಾರೋ ಅಂಚಿಗೆ ಮೊಣಕೈ ಊರಿದ ಕ್ಷಣದಲ್ಲಿ ಇಡೀ ಆಟ ನೆಲಕ್ಕೆ ಬರುತ್ತದೆ. ನೀರಿನ ಲೋಟಗಳಿಗೆ ಪ್ರತ್ಯೇಕವಾಗಿ ಒಂದು ತಗ್ಗಿನ ಸ್ಟೂಲು ಇರಲಿ. ಮೇಜಿಗಿಂತ ಕೆಳಗಿರುವ ಲೋಟ ಉರುಳಿದರೂ ಬೋರ್ಡು ನೆನೆಯುವುದಿಲ್ಲ.

ಆಟಗಳನ್ನು ಇಡುವ ಜಾಗದ ಬಗ್ಗೆ ಒಂದೇ ಎಚ್ಚರಿಕೆ ಹೇಳುತ್ತೇನೆ. ಬೋರ್ಡು ಎಂದರೆ ದಪ್ಪ ರಟ್ಟಿಗೆ ಕಾಗದ ಅಂಟಿಸಿದ್ದು. ಅದರ ಎರಡು ಮೈಗಳು ತೇವವನ್ನು ಒಂದೇ ರೀತಿ ಹೀರುವುದಿಲ್ಲವಾದ್ದರಿಂದ ಬಾಗುತ್ತದೆ. ಹೊರಗೋಡೆಗೆ ಒತ್ತಿಕೊಂಡು ಇಟ್ಟಿದ್ದ ನನ್ನ ಅಚ್ಚುಮೆಚ್ಚಿನ ಆಟವೊಂದರ ಬೋರ್ಡು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ದೋಣಿಯಂತಾಗಿತ್ತು. ಹಿಮ್ಮುಖವಾಗಿ ನಿಧಾನವಾಗಿ ಬಾಗಿಸಿ, ಭಾರವಾದ ಪುಸ್ತಕಗಳ ಕೆಳಗೆ ಹಲವು ದಿನ ಇಟ್ಟ ಮೇಲೆ ಅದು ಬಹುಮಟ್ಟಿಗೆ ನೇರವಾಯಿತು. ಅಂದಿನಿಂದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ, ಬಿಸಿಲು ಬೀಳದ ಕಡೆ ಇಟ್ಟು, ಪ್ರತಿ ಪೆಟ್ಟಿಗೆಯಲ್ಲೂ ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತಿದ್ದೇನೆ.

"ಹಾಗಾದರೆ ಆ ವಿಶೇಷ ಮೇಜನ್ನು ಕೊಳ್ಳಲೇಬಾರದೇ?" ಎಂದು ಕೆಲವರು ಮತ್ತೆ ಕೇಳುತ್ತಾರೆ. ಕೊಳ್ಳಬಹುದು. ಅರ್ಧಕ್ಕೆ ನಿಂತ ಆಟವನ್ನು ಹಾಗೆಯೇ ಮುಚ್ಚಿಟ್ಟು ಮರುದಿನ ಮುಂದುವರಿಸುವ ಅಗತ್ಯ ನಿಮಗೆ ಪದೇ ಪದೇ ಬರುತ್ತಿದ್ದರೆ ಅದಕ್ಕೆ ಸಮನಾದದ್ದು ಬೇರೆ ಇಲ್ಲ. ಆದರೆ ಈ ಪ್ಲೈವುಡ್ ಹಲಗೆಯ ಮೇಲೆ ಒಂದು ವರ್ಷ ಆಡಿ, ಎಷ್ಟು ಜನ ಬರುತ್ತಾರೆ, ಯಾವ ಆಟಕ್ಕೆ ಎಷ್ಟು ಜಾಗ ಹಿಡಿಯುತ್ತದೆ ಎಂದು ಬರೆದಿಟ್ಟುಕೊಂಡು, ಆ ಅಳತೆಯ ಚೀಟಿಯನ್ನು ಹಿಡಿದು ಬಡಗಿಯ ಬಳಿಗೆ ಹೋಗಿ.