ಮೂರನೇ ಗೋಷ್ಠಿ: ನಾಲ್ವರು ತಜ್ಞರು, ಒಂದು ಬಡ್ಡಿ ದರ

ಕೊನೆಗೂ ಗಂಟು ಎಲ್ಲಿದೆ ಅಂತ ಸಿಕ್ಕಿತು. ಪರಮಾಣು ವಿದ್ಯುತ್ ಮತ್ತು ಸುಸ್ಥಿರತೆ ಕುರಿತು ನಾನು ನಡೆಸುತ್ತಿರುವ ಗೋಷ್ಠಿಗಳಲ್ಲಿ ಮೊನ್ನೆಯದು ಮೂರನೆಯದು. ಮೊದಲೆರಡು ಯಾಕೆ ಕೈಕೊಟ್ಟವು ಅನ್ನುವುದು ಇದರ ನಲವತ್ತನೇ ನಿಮಿಷದಲ್ಲಿ ತಿಳಿಯಿತು. ಬಿಸಿ ಆರುವ ಮೊದಲೇ ಬರೆದಿಡುತ್ತಿದ್ದೇನೆ. ತಜ್ಞರನ್ನು ಒಪ್ಪಿಸುವುದು, ಪರಿಚಯದ ಚೀಟಿ, ಸಮಯದ ಕಾರ್ಡು ಇವೆಲ್ಲ ಗೋಷ್ಠಿ ನಡೆಸುವವರಿಗೆ ಗೊತ್ತಿರುವುದೇ, ಬಿಡುತ್ತೇನೆ.

ಮೈಕಿನವರ ವಿಷಯ ಮಾತ್ರ ಬಿಡಲಾರೆ. ನಾಲ್ಕು ಕಾಲರ್ ಮೈಕು ಬೇಕು ಅಂತ ಎರಡು ಸಲ ಹೇಳಿದ್ದೆ. ಬಂದದ್ದು ಎರಡು ಕೈಮೈಕು, ಅದರಲ್ಲೊಂದರ ಬ್ಯಾಟರಿ ಅರ್ಧ ಖಾಲಿ. 'ಎರಡೂ ಒಂದೇ ಅಲ್ವಾ' ಅಂದರು. ಖಂಡಿತ ಒಂದೇ ಅಲ್ಲ. ಕಾಲರ್ ಮೈಕಿದ್ದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು 'ಇಲ್ಲ ಇಲ್ಲ, ಅದು ಹಾಗಲ್ಲ' ಅಂತ ಬಾಯಿ ಹಾಕುತ್ತಾರೆ. ಗೋಷ್ಠಿಯ ಜೀವ ಇರುವುದು ಅಲ್ಲೇ. ಕೈಮೈಕು ಕೊಟ್ಟರೆ ಹಿಡಿದವರದ್ದು ಭಾಷಣ, ಹಿಡಿಯದವರದ್ದು ಮೌನ. ಮುಂದಿನ ಸಲ ಸ್ವಂತ ಸೆಟ್ಟು, ಬ್ಯಾಟರಿ ನನ್ನ ಚೀಲದಲ್ಲೇ.

ಈಗ ಗಂಟಿನ ವಿಷಯ.

ಮೊದಲ ಗೋಷ್ಠಿಯಲ್ಲಿ ನನ್ನ ಪ್ರಶ್ನೆ ನೇರವಾಗಿತ್ತು: ಪರಮಾಣು ವಿದ್ಯುತ್ ಸುಸ್ಥಿರವೇ? ರಿಯಾಕ್ಟರ್ ಎಂಜಿನಿಯರ್ ಇಂಗಾಲದ ಲೆಕ್ಕ ಕೊಟ್ಟರು. ಗಣಿಯಿಂದ ಸ್ಥಾವರ ಕಳಚುವವರೆಗೆ ಎಲ್ಲ ಸೇರಿಸಿದರೂ ಒಂದು ಯೂನಿಟ್ಟಿಗೆ ಸುಮಾರು 12 ಗ್ರಾಂ, ಕಲ್ಲಿದ್ದಲಿಗೆ 820. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2014ರ ವರದಿಯ ಮಧ್ಯಮ ಅಂಕಿಗಳಿವು. ಭೂವಿಜ್ಞಾನಿ ಬಳಸಿದ ಇಂಧನದ, ಅಂದರೆ ವಿಕಿರಣ ಸೂಸುವ ತ್ಯಾಜ್ಯದ ಮಾತೆತ್ತಿ, ಫಿನ್‌ಲೆಂಡಿನ ಓಲ್ಕಿಲುಓಟೊ ದ್ವೀಪದಲ್ಲಿ ಅದನ್ನು ಹೂಳಲು ಬಂಡೆಯೊಳಗೆ 400 ಮೀಟರಿಗೂ ಆಳಕ್ಕೆ ಕೊರೆದಿರುವ ಓಂಕಾಲೊ ಭಂಡಾರವನ್ನು ವಿವರಿಸಿದರು. ಅಲ್ಲಿ ಲೆಕ್ಕ ಹಾಕುವುದೇ ಲಕ್ಷ ವರ್ಷದಲ್ಲಿ. ಅರ್ಥಶಾಸ್ತ್ರಜ್ಞೆಯೂ ಅದೇ ಓಲ್ಕಿಲುಓಟೊಗೆ ಹೋದರು, ಆದರೆ ಮೂರನೇ ರಿಯಾಕ್ಟರಿಗೆ: 2005ರಲ್ಲಿ ಕೆಲಸ ಶುರುವಾಗಿ 2009ಕ್ಕೆ ವಿದ್ಯುತ್ ಕೊಡಬೇಕಿದ್ದದ್ದು ನಿಯಮಿತ ಉತ್ಪಾದನೆಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ಇಬ್ಬರು ಒಂದೇ ದ್ವೀಪದ ಬಗ್ಗೆ ಮಾತಾಡಿದರು, ಒಬ್ಬರಿಗೊಬ್ಬರು ಒಂದು ಮಾತೂ ಆಡಲಿಲ್ಲ. ವಿದ್ಯುತ್ ಜಾಲದ ತಜ್ಞರದ್ದು ಮತ್ತೊಂದೇ ದಿಕ್ಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಯಾರೂ ತಪ್ಪು ಹೇಳಲಿಲ್ಲ, ಅದೇ ನನ್ನನ್ನು ಕಾಡಿದ್ದು.

ಎರಡನೇ ಸಲ ಅಳತೆಗಳನ್ನು ಮೊದಲೇ ಕಟ್ಟಿಹಾಕಿದೆ. ಮೆಗಾವ್ಯಾಟ್ ಅಂದರೆ ಸಾಮರ್ಥ್ಯ, ಮೆಗಾವ್ಯಾಟ್-ಅವರ್ ಅಂದರೆ ಉತ್ಪಾದನೆ. ಚೆನ್ನಾಗಿ ನಡೆಯುವ 1000 ಮೆಗಾವ್ಯಾಟ್ ರಿಯಾಕ್ಟರು ವರ್ಷದಲ್ಲಿ ತನ್ನ ಸಾಮರ್ಥ್ಯದ ಶೇ 90ರಷ್ಟು ಕೊಡುತ್ತದೆ, ಅಷ್ಟೇ ಮೆಗಾವ್ಯಾಟಿನ ಸೌರ ಸ್ಥಾವರ ಶೇ 15ರಿಂದ 25. ಆದ್ದರಿಂದ ಯಾರೂ ಬರೀ ಮೆಗಾವ್ಯಾಟ್ ಹೋಲಿಸಕೂಡದು ಅಂತ ಎಲ್ಲರಿಗೂ ಬರೆದು ಕಳಿಸಿದೆ. ಆ ಒಂದು ಜಗಳ ನಿಂತಿತು. ಬೆಲೆಯ ಜಗಳ ಜೋರಾಯಿತು. ಅದೇ ಸ್ಥಾವರ, ಅದೇ ಯೂನಿಟ್ಟು. ಎಂಜಿನಿಯರ್ 'ಅಗ್ಗ' ಅಂದರು, ಅರ್ಥಶಾಸ್ತ್ರಜ್ಞೆ 'ಇದಕ್ಕಿಂತ ದುಬಾರಿ ಇಲ್ಲ' ಅಂದರು. ಇಬ್ಬರೂ ಒಂದೊಂದು ಗ್ರಾಫ್ ತೋರಿಸಿದರು. ಸಭಿಕರು ತಮಗೆ ಮೊದಲೇ ಇಷ್ಟವಿದ್ದ ಗ್ರಾಫ್ ನಂಬಿಕೊಂಡು ಮನೆಗೆ ಹೋದರು.

ಮೂರನೆಯದಕ್ಕೆ ಮುನ್ನ ಎರಡು ರಾತ್ರಿ ಆ ಎರಡೂ ಗ್ರಾಫನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಒಂದರ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ: ಡಿಸ್ಕೌಂಟ್ ರೇಟ್ ಶೇ 3. ಇನ್ನೊಂದರಲ್ಲಿ ಶೇ 10. ಮುಂದೆ ಬರುವ ಹಣಕ್ಕೆ ಇವತ್ತಿನ ಬೆಲೆ ಕಟ್ಟುವಾಗ ಬಡ್ಡಿಯನ್ನು ತಿರುಗಿಸಿ ಹಾಕಿದಂತೆ ವರ್ಷ ವರ್ಷಕ್ಕೂ ಕಳೆಯುವ ದರ ಅದು. ಇದರಲ್ಲಿ ಗುಟ್ಟೇನೂ ಇಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ 2020ರ ವೆಚ್ಚದ ವರದಿಯೇ ಶೇ 3, 7, 10 ಅಂತ ಮೂರು ದರದಲ್ಲಿ ಲೆಕ್ಕ ಕೊಡುತ್ತದೆ. ಪರಮಾಣು ಸ್ಥಾವರದಲ್ಲಿ ಖರ್ಚಿನ ದೊಡ್ಡ ಪಾಲು ಮೊದಲು, ಗಳಿಕೆ ಅರವತ್ತು ವರ್ಷ ಹರಡಿಕೊಂಡು ಬರುತ್ತದೆ. ದರ ಕೊಂಚ ಅಲ್ಲಾಡಿದರೂ ಲೆಕ್ಕ ತಲೆಕೆಳಗಾಗುತ್ತದೆ.

ಹಾಗಾಗಿ ಮೊನ್ನೆ ಅಭಿಪ್ರಾಯ ಕೇಳಲೇ ಇಲ್ಲ. ನಾಲ್ವರಿಗೂ ಒಂದೊಂದು ಹಾಳೆ, ಪೆನ್ನು ಕೊಟ್ಟೆ. 'ಅರವತ್ತು ವರ್ಷ ಬಿಟ್ಟು ಕೈಗೆ ಬರುವ 100ಕ್ಕೆ ಇವತ್ತು ಎಷ್ಟು ಬೆಲೆ ಕಟ್ಟುತ್ತೀರಿ? ಬರೆಯಿರಿ, ಮಾತು ಬೇಡ.' ಎಂಜಿನಿಯರ್ 17 ಬರೆದರು. ಅದು ಶೇ 3ರ ಲೆಕ್ಕ. ಅರ್ಥಶಾಸ್ತ್ರಜ್ಞೆ 0.33 ಬರೆದರು. ಅದು ಶೇ 10. ಹಾಳೆ ಎತ್ತಿ ಹಿಡಿದಾಗ ಇಬ್ಬರೂ ಒಬ್ಬರ ಹಾಳೆ ಇನ್ನೊಬ್ಬರು ಬಗ್ಗಿ ನೋಡಿದರು. ಐವತ್ತು ಪಟ್ಟು ವ್ಯತ್ಯಾಸ. ಭೂವಿಜ್ಞಾನಿಯ ಹಾಳೆ ಖಾಲಿ. 'ನಮ್ಮ ಶಾಸ್ತ್ರದಲ್ಲಿ ಅರವತ್ತು ವರ್ಷ ಅಂದರೆ ಒಂದು ಆಕಳಿಕೆ' ಅಂದರು, ಸಭೆ ನಕ್ಕಿತು. ನಗು ನಿಂತ ಮೇಲೆ ಮೈಕಿಲ್ಲದೆಯೇ ಅವರು ಕೇಳಿದರು: 'ಹಾಗಾದರೆ ನನ್ನ ಗುಂಡಿಯ ಲೆಕ್ಕ?'

ಅಲ್ಲಿ ಗಂಟು ಬಿಚ್ಚಿತು. ನೂರು ವರ್ಷದ ನಂತರ ತ್ಯಾಜ್ಯಕ್ಕಾಗಿ ಮಾಡಬೇಕಾದ 100ರ ಖರ್ಚು, ಶೇ 3ರಲ್ಲಿ ಇವತ್ತಿಗೆ 5ಕ್ಕಿಂತ ಸ್ವಲ್ಪ ಹೆಚ್ಚು. ಶೇ 10ರಲ್ಲಿ ಒಂದರ ನೂರನೇ ಭಾಗವೂ ಇಲ್ಲ. ಅಂದರೆ ಸ್ಥಾವರವನ್ನು ದುಬಾರಿ ಮಾಡುವ ದರವೇ ತ್ಯಾಜ್ಯದ ಹೊರೆಯನ್ನು ಅಳಿಸಿಹಾಕುತ್ತದೆ. ಸ್ಥಾವರವನ್ನು ಅಗ್ಗ ಮಾಡುವ ದರ ತ್ಯಾಜ್ಯವನ್ನು ಮತ್ತೆ ತಂದು ಎದುರಿಗೆ ಇಡುತ್ತದೆ. ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ 1987ರಲ್ಲಿ ಸುಸ್ಥಿರತೆಗೆ ವ್ಯಾಖ್ಯೆ ಕೊಡುವಾಗ, ಮುಂದಿನ ತಲೆಮಾರಿನ ಅಗತ್ಯಕ್ಕೆ ಕುತ್ತು ತರದೆ ಇವತ್ತಿನ ಅಗತ್ಯ ಪೂರೈಸಿಕೊಳ್ಳಬೇಕು ಎಂದಿತು. ಆ ಮುಂದಿನ ತಲೆಮಾರು ನಮ್ಮ ಗ್ರಾಫುಗಳಲ್ಲಿ ಎಲ್ಲಿ ಕೂತಿದೆ ಅಂದರೆ ಈ ದರದೊಳಗೆ. ಎರಡು ಗೋಷ್ಠಿ ಪೂರ್ತಿ ನಾನು ಅದನ್ನು ಹೊರಗೆ ಹುಡುಕುತ್ತಿದ್ದೆ.

ಅರ್ಥಶಾಸ್ತ್ರಜ್ಞೆಯ ಉತ್ತರ ಇಡೀ ಸಂಜೆಯ ಅತ್ಯುತ್ತಮ ಮಾತು ಅನ್ನುತ್ತೇನೆ. ಶೇ 10 ದುರಾಸೆಯ ದರವಲ್ಲ, ಸಾಲ ಕೊಡುವವರ ಭಯದ ದರ ಅಂದರು. ಹದಿನಾಲ್ಕು ವರ್ಷ ತಡವಾದ ಕೆಲಸವನ್ನು ಕಂಡವರು ಅಷ್ಟು ಕೇಳಿಯೇ ಕೇಳುತ್ತಾರೆ. ಸರ್ಕಾರ ಜಾಮೀನು ನಿಂತರೆ ದರ ಇಳಿಯುತ್ತದೆ, ಆದರೆ ಅಪಾಯ ಮಾಯವಾಗುವುದಿಲ್ಲ, ತೆರಿಗೆ ಕಟ್ಟುವವರ ಹೆಗಲಿಗೆ ಹೋಗುತ್ತದೆ. ತಲೆಮಾರುಗಳ ಲೆಕ್ಕಕ್ಕೆ ಸಾಲ ಕೊಡುವವರ ದರ ಬಳಸಬಾರದು ಅಂತಲೂ ಒಪ್ಪಿದರು. ಎಂಜಿನಿಯರ್ ಪಟ್ಟು ಬಿಡಲಿಲ್ಲ, ಒಂದೇ ವಿನ್ಯಾಸವನ್ನು ಮತ್ತೆ ಮತ್ತೆ ಕಟ್ಟಿದರೆ ಆ ಭಯ ತಾನಾಗಿ ಇಳಿಯುತ್ತದೆ ಅಂದರು. ಜಾಲದ ತಜ್ಞರು ಇಬ್ಬರಿಗೂ ಹೊಳೆಯದ್ದನ್ನು ಸೇರಿಸಿದರು: ಸೂರ್ಯ, ಗಾಳಿಯೂ ಮೊದಲೇ ಹಣ ಸುರಿಯುವ ಬಾಬತ್ತು. ದರ ಏರಿದರೆ ಪರಮಾಣುವಿನ ಜೊತೆ ಅವೂ ಏಟು ತಿನ್ನುತ್ತವೆ. ಬೇಗ ಕಟ್ಟಿ ಮುಗಿಯುವುದರಿಂದ ಏಟು ಕಡಿಮೆ, ಅಷ್ಟೆ. ಖರ್ಚಿನ ದೊಡ್ಡ ಪಾಲು ಇಂಧನದ್ದೇ ಆಗಿರುವ ಅನಿಲ ಸ್ಥಾವರಕ್ಕೆ ಮಾತ್ರ ಲಾಭ.

ಇದನ್ನು ಕೇಳುತ್ತಿದ್ದಾಗಲೇ ನನ್ನ ತಲೆ ಮುಂದಿನ ಗೋಷ್ಠಿಗೆ ಜಿಗಿಯಿತು, ತಡೆಯಲಾಗಲಿಲ್ಲ, ಚೀಟಿಯ ಹಿಂಬದಿಗೆ ಗೀಚಿಕೊಂಡೆ. ವಿದ್ಯುತ್ ಸಂಗ್ರಹ! ರಾತ್ರಿ ನೀರನ್ನು ಮೇಲಿನ ಜಲಾಶಯಕ್ಕೆ ಏರಿಸಿ ಬೇಕಾದಾಗ ಇಳಿಸುವ ಪಂಪ್ಡ್ ಸ್ಟೋರೇಜ್ ಒಂದು ಕಡೆ, ಲಿಥಿಯಂ ಬ್ಯಾಟರಿ ಇನ್ನೊಂದು ಕಡೆ. ಮೊದಲನೆಯದು ಐವತ್ತು ವರ್ಷಕ್ಕೂ ಮೀರಿ ಬಾಳುತ್ತದೆ, ಹಾಕಿದ ವಿದ್ಯುತ್ತಿನಲ್ಲಿ ಶೇ 70ರಿಂದ 80 ವಾಪಸ್ ಕೊಡುತ್ತದೆ. ಎರಡನೆಯದು ಅದಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ, ಆದರೆ ಬಾಳಿಕೆ ಕಡಿಮೆ. ಇದೇ ಹಾಳೆ, ಇದೇ ಪ್ರಶ್ನೆ ಅಲ್ಲೂ ನಡೆಯುತ್ತದೆ. ಇಬ್ಬರು ತಜ್ಞರನ್ನು ಈಗಾಗಲೇ ಗುರುತು ಹಾಕಿಕೊಂಡಿದ್ದೇನೆ.

ಒಂದು ಕಡೆ ಮಾತ್ರ ಎಡವಿದೆ, ಅದು ಇನ್ನೂ ಚುಚ್ಚುತ್ತಿದೆ. ಕೊನೆಯ ಹತ್ತು ನಿಮಿಷದಲ್ಲಿ ಒಬ್ಬ ಮಹಿಳೆ ಜಪಾನಿನ ಫುಕುಶಿಮಾ ಪರಮಾಣು ಸ್ಥಾವರದ ದುರಂತದ ಬಗ್ಗೆ ಕೇಳಿದರು. ಎಂಜಿನಿಯರ್ ಚೊಕ್ಕವಾಗಿ ವಿವರಿಸಿದರು: 2011ರ ಮಾರ್ಚ್ 11ರಂದು ಭೂಕಂಪ ಆದಾಗ ರಿಯಾಕ್ಟರುಗಳು ಸರಿಯಾಗಿಯೇ ಕೆಲಸ ನಿಲ್ಲಿಸಿದವು. ಆದರೆ ನಿಂತ ಕ್ಷಣದಲ್ಲೂ ಪೂರ್ಣ ಸಾಮರ್ಥ್ಯದ ಶಾಖದಲ್ಲಿ ಶೇ 6-7ರಷ್ಟು ಉಳಿದಿರುತ್ತದೆ. ಅದನ್ನು ತಣಿಸುವ ಪಂಪುಗಳಿಗೆ ವಿದ್ಯುತ್ ಕೊಡಬೇಕಿದ್ದ ಡೀಸೆಲ್ ಜನರೇಟರುಗಳು ಸುನಾಮಿಯಲ್ಲಿ ಮುಳುಗಿದವು. ಆ ಮಹಿಳೆ ತಲೆಯಾಡಿಸಿ, 'ಅದು ಗೊತ್ತಿದೆ. ಮನೆ ಬಿಟ್ಟು ಹೋದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಆ ಹಾಳೆಗಳಲ್ಲಿ ಯಾರು ಬರೆದಿದ್ದೀರಿ?' ಅಂದರು. ನನ್ನ ಕೈಯಲ್ಲಿ ಸಮಯ ಮುಗಿದ ಕಾರ್ಡಿತ್ತು. ಅದನ್ನು ಎತ್ತಿದೆ.

ಎತ್ತಬಾರದಿತ್ತು. ವಿದ್ಯುತ್ ಸಂಗ್ರಹದ ಗೋಷ್ಠಿ ಒಂದು ತಿಂಗಳು ತಡವಾಗಲಿ. ನಾಲ್ಕನೆಯದಕ್ಕೆ ಅದೇ ನಾಲ್ವರನ್ನು ಮತ್ತೆ ಕರೆದಿದ್ದೇನೆ, ಮೂವರು ಒಪ್ಪಿದ್ದಾರೆ. ಮೊದಲ ಪ್ರಶ್ನೆ ಆ ಮಹಿಳೆಯದು. ಹಾಳೆ ದೊಡ್ಡದು ತಂದಿದ್ದೇನೆ.